‘ಅಲ್ಲಿ ಏನೋ ತೊಂದರೆ’ ಎನ್ನುವವರಿಗೆ: ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯದ ಸಮಗ್ರ ಮಾರ್ಗದರ್ಶಿ

ಹಲ್ಲು ನೋವೆಂದು, ಮಂಡಿ ನೋವೆಂದು ವೈದ್ಯರ ಮುಂದೆ ನೇರವಾಗಿ ಹೇಳುವ ನಾವು ಸೊಂಟದ ಕೆಳಗಿನ ವಿಷಯಕ್ಕೆ ಬಂದಕೂಡಲೇ ದನಿ ತಗ್ಗಿಸಿ ‘ಅಲ್ಲಿ ಏನೋ ತೊಂದರೆ’ ಎನ್ನುತ್ತೇವೆ. ಅದನ್ನು ಹೇಳುವುದಕ್ಕೂ ಮೊದಲು ಕೆಲವು ವಾರ, ಕೆಲವೊಮ್ಮೆ ಕೆಲವು ವರ್ಷ ಕಳೆದಿರುತ್ತದೆ. ಲೈಂಗಿಕ ಹಾಗೂ ಸಂತಾನೋತ್ಪತ್ತಿ ಅಂಗಗಳಿಗೆ ಸಂಬಂಧಿಸಿದ ತೊಂದರೆಗಳಲ್ಲಿ ಹೆಚ್ಚಿನವು ಬೇಗ ತೋರಿಸಿದರೆ ಸುಲಭವಾಗಿ ಗುಣವಾಗುವಂಥವು. ತಡಮಾಡಿದಾಗಲೇ ಅವು ಬಂಜೆತನಕ್ಕೋ ದೊಡ್ಡ ಶಸ್ತ್ರಚಿಕಿತ್ಸೆಗೋ ಸಾಲಕ್ಕೋ ದಾರಿಯಾಗುತ್ತವೆ. ಈ ತಡವನ್ನು ಕಡಿಮೆ ಮಾಡಲು ಏನನ್ನು ಗಮನಿಸಬೇಕು, ಎಲ್ಲಿಗೆ ಹೋಗಬೇಕು, ಒಪ್ಪಿಗೆ ಕೊಡುವ ಮುನ್ನ ಏನು ಕೇಳಬೇಕು ಎಂಬುದನ್ನು ಕರ್ನಾಟಕದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ವೈದ್ಯರ ಮುಂದೆ ಕುಳಿತಾಗ ಮಾತು ತಡವರಿಸದಿರಲು ಮಾಡಿಕೊಳ್ಳುವ ಸಿದ್ಧತೆ.

ಹಂತ 1: ಹೆಸರಿಟ್ಟು ಹೇಳುವುದನ್ನು ಕಲಿಯಿರಿ

ಮುಟ್ಟು, ತಿಂಗಳ ರಜೆ, ಹೊರಗಾಗುವುದು, ಬಿಳಿ ಸೆರಗು, ಧಾತು ಹೋಗುವುದು ಎಂಬ ಮಾತುಗಳೆಲ್ಲ ನಮ್ಮಲ್ಲಿ ಬಳಕೆಯಲ್ಲಿವೆ ಮತ್ತು ವೈದ್ಯರಿಗೂ ದಾದಿಯರಿಗೂ ಅರ್ಥವಾಗುತ್ತವೆ. ಅವುಗಳನ್ನು ಬಳಸಲು ಹಿಂಜರಿಯಬೇಕಾಗಿಲ್ಲ. ಆದರೆ ಜಾಗವನ್ನು ಹೇಳುವಾಗ ‘ಕೆಳಹೊಟ್ಟೆ’ ಎಂದು ಎಲ್ಲವನ್ನೂ ಒಂದೇ ಪದದಲ್ಲಿ ಮುಚ್ಚಿಡುವುದರಿಂದ ತಪ್ಪು ಚಿಕಿತ್ಸೆಯಾಗುವ ಸಂಭವವಿದೆ. ಮೂತ್ರದ್ವಾರ, ಯೋನಿ, ಗರ್ಭಕೋಶ, ಗರ್ಭಕೋಶದ ಕಂಠ, ಅಂಡಾಶಯ, ಶಿಶ್ನ, ವೃಷಣ ಎಂಬ ಏಳು ಪದಗಳು ಗೊತ್ತಿದ್ದರೆ ಬಹುಮಟ್ಟಿಗೆ ಸಾಕು. ಮೂತ್ರ ಮಾಡುವಾಗ ಉರಿಯೋ ಅಥವಾ ಯೋನಿಯ ಹೊರಭಾಗದಲ್ಲಿ ಸದಾ ಉರಿಯೋ ಎಂಬ ಒಂದೇ ವ್ಯತ್ಯಾಸದಿಂದ ವೈದ್ಯರು ಬರೆಯುವ ಔಷಧ ಬೇರೆಯಾಗುತ್ತದೆ.

ಹೇಳಲು ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರ ಕೈಗೆ ಕೊಡಿ. ಎಂದಿನಿಂದ ತೊಂದರೆ, ಯಾವಾಗ ಹೆಚ್ಚಾಗುತ್ತದೆ, ಕೊನೆಯ ಮುಟ್ಟು ಯಾವ ತಾರೀಖಿನಂದು ಆಯಿತು, ಈಗಾಗಲೇ ಯಾವ ಮಾತ್ರೆ ಅಥವಾ ಮುಲಾಮು ಬಳಸಿದ್ದೀರಿ ಎಂಬ ನಾಲ್ಕು ಸಾಲು ಅದರಲ್ಲಿರಲಿ. ಜೊತೆಗೆ ಬಂದ ಅತ್ತೆಯನ್ನಾಗಲಿ, ಗಂಡನನ್ನಾಗಲಿ, ತಾಯಿಯನ್ನಾಗಲಿ ಸ್ವಲ್ಪ ಹೊತ್ತು ಹೊರಗೆ ಕೂರಿಸಲು ವೈದ್ಯರನ್ನು ಕೇಳಿಕೊಳ್ಳಬಹುದು. ಹೆಣ್ಣು ರೋಗಿಯನ್ನು ಗಂಡು ವೈದ್ಯರು ಪರೀಕ್ಷಿಸುವಾಗ ಕೋಣೆಯಲ್ಲಿ ಒಬ್ಬ ಮಹಿಳಾ ಸಿಬ್ಬಂದಿ ಇರಬೇಕೆಂದು ಕೇಳುವುದು ಅವಿನಯವಲ್ಲ.

ಹದಿಹರೆಯದವರಿಗಾಗಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ವ್ಯವಸ್ಥೆಯಿದೆ. ದೂರವಾಣಿಯಲ್ಲಿ ಮೊದಲು ಮಾತಾಡಿ ನೋಡೋಣ ಎನ್ನುವವರಿಗೆ ರಾಜ್ಯದ ಆರೋಗ್ಯ ಸಹಾಯವಾಣಿ 104 ಇದೆ. ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳ ಪ್ರಶ್ನೆಗಳಿಗೆ 1097 ಇದೆ. ಮುಖ ನೋಡದೆ ಮಾತಾಡುವಾಗ ಸಂಕೋಚ ಅರ್ಧ ಇಳಿಯುತ್ತದೆ.

ಹಂತ 2: ಮುಟ್ಟಿನ ಲೆಕ್ಕ ಇಡಿ

ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಮುಟ್ಟಿನ ಮೊದಲ ದಿನಕ್ಕೊಂದು ಚುಕ್ಕಿ ಇಟ್ಟರೆ ಸಾಕು. ಮೊಬೈಲಿನಲ್ಲಿ ಇಡುವುದಾದರೂ ಸರಿ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 21ರಿಂದ 35 ದಿನಗಳ ಅಂತರವಿರುವುದು, 2ರಿಂದ 7 ದಿನ ರಕ್ತಸ್ರಾವವಾಗುವುದು ವಯಸ್ಕರಲ್ಲಿ ಸಹಜ. ಋತುಮತಿಯಾದ ಮೊದಲ ಒಂದೆರಡು ವರ್ಷ ಅಂತರ ಏರುಪೇರಾಗುವುದೂ ಸಹಜವೇ.

ಗಂಟೆಗೊಂದು ಪ್ಯಾಡ್ ತೋಯುವುದು, ದೊಡ್ಡ ಹೆಪ್ಪುಗಳು ಬೀಳುವುದು, ಏಳು ದಿನ ಮೀರಿ ಹರಿಯುವುದು, ಎರಡು ಮುಟ್ಟುಗಳ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಾಣುವುದು, ಮೂರು ತಿಂಗಳು ಮುಟ್ಟು ನಿಂತುಹೋಗುವುದು, ಶಾಲೆಗೋ ಕೆಲಸಕ್ಕೋ ಹೋಗಲಾಗದಷ್ಟು ನೋವಾಗುವುದು ಇವೆಲ್ಲ ತೋರಿಸಿಕೊಳ್ಳಬೇಕಾದ ಲಕ್ಷಣಗಳು. ‘ಹೆಣ್ಣಾಗಿ ಹುಟ್ಟಿದ ಮೇಲೆ ನೋವು ಇದ್ದದ್ದೇ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅವರ ಪ್ರೀತಿಯನ್ನು ಒಪ್ಪಿಕೊಳ್ಳಿ, ಮಾತನ್ನು ಒಪ್ಪಬೇಡಿ. ವರ್ಷದಿಂದ ವರ್ಷಕ್ಕೆ ಹೆಚ್ಚುವ ಮುಟ್ಟಿನ ನೋವಿನ ಹಿಂದೆ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು. ಹೆಚ್ಚು ರಕ್ತ ಹೋಗುವವರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲೇಬೇಕು, ಏಕೆಂದರೆ ಮೆಟ್ಟಿಲು ಹತ್ತುವಾಗ ಬರುವ ಏದುಸಿರನ್ನು ನಾವು ಸುಸ್ತು ಎಂದುಕೊಂಡು ಕಡೆಗಣಿಸುತ್ತೇವೆ.

ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆ ಬಳಸುವುದು ತಪ್ಪಲ್ಲ. ಅದನ್ನು ಸೋಪಿನಲ್ಲಿ ಒಗೆದು, ಯಾರಿಗೂ ಕಾಣಬಾರದೆಂದು ಮಂಚದ ಕೆಳಗೋ ಸೀರೆಯ ಅಡಿಯಲ್ಲೋ ಒಣಗಿಸದೆ, ಬಿಸಿಲಿಗೆ ಹಾಕಬೇಕು. ಮುಟ್ಟಿನ ಕಪ್ ಬಳಸುವವರು ಪ್ರತಿ ತಿಂಗಳು ಅದನ್ನು ನೀರಿನಲ್ಲಿ ಕುದಿಸಬೇಕು ಮತ್ತು ಹನ್ನೆರಡು ಗಂಟೆ ಮೀರದಂತೆ ಖಾಲಿ ಮಾಡಬೇಕು.

ಹಂತ 3: ಶುಚಿತ್ವ, ಮತ್ತು ಮೆಡಿಕಲ್ ಶಾಪಿನ ಮುಲಾಮು

ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಹೊರಭಾಗವನ್ನು ಬರೀ ನೀರಿನಿಂದ ತೊಳೆದರೆ ಸಾಕು; ಒಳಗೆ ಸೋಪು, ಡೆಟಾಲ್, ಪರಿಮಳದ ದ್ರಾವಣ ಹಾಕಿದರೆ ಅಲ್ಲಿ ಇರಬೇಕಾದ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಸೋಂಕಿಗೆ ದಾರಿಯಾಗುತ್ತದೆ. ಮಲವಿಸರ್ಜನೆಯ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಗಂಡಸರು ಸ್ನಾನದ ವೇಳೆ ಮುಂದೊಗಲನ್ನು ಹಿಂದಕ್ಕೆ ಸರಿಸಿ ತೊಳೆದು, ಮತ್ತೆ ಮುಂದಕ್ಕೆ ಎಳೆದುಕೊಳ್ಳಬೇಕು.

ತೊಡೆಸಂದಿನ ತುರಿಕೆಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಸೆಖೆಗೆ, ಬಿಗಿಯಾದ ಜೀನ್ಸಿಗೆ ಅಲ್ಲಿ ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು, ಆಗುವುದು ಬಹಳ ಸಾಮಾನ್ಯ. ವೈದ್ಯರಿಗೆ ತೋರಿಸಲು ನಾಚಿಕೊಂಡು ಔಷಧಿ ಅಂಗಡಿಯಲ್ಲಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎಂದು ಕೇಳಿದರೆ ಸ್ಟಿರಾಯ್ಡ್ ಬೆರೆಸಿದ ಮುಲಾಮು ಕೈಗೆ ಬರುವ ಸಂಭವ ಹೆಚ್ಚು. ಎರಡೇ ದಿನದಲ್ಲಿ ತುರಿಕೆ ನಿಲ್ಲುವುದರಿಂದ ಅದು ಒಳ್ಳೆಯ ಔಷಧವೆಂದೇ ಅನ್ನಿಸುತ್ತದೆ. ಆದರೆ ಶಿಲೀಂಧ್ರ ಸಾಯದೆ ಅಗಲಕ್ಕೆ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ, ಮುಂದೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೆಟಾಮೆಥಸೋನ್ ಎಂಬ ಹೆಸರುಗಳಿದ್ದರೆ ವೈದ್ಯರು ಬರೆದುಕೊಡದ ಹೊರತು ಹಚ್ಚಬೇಡಿ.

ಹಂತ 4: ಸೋಂಕನ್ನು ಗುರುತಿಸಿ, ಪರೀಕ್ಷೆ ಮಾಡಿಸಿ

ಬಿಳಿ ಸೆರಗೆಲ್ಲವೂ ರೋಗವಲ್ಲ. ತಿಂಗಳ ನಡುವೆ ಮೊಟ್ಟೆಯ ಲೋಳೆಯಂತೆ ತಿಳಿಯಾಗಿ ಬರುವುದು ಅಂಡಾಣು ಬಿಡುಗಡೆಯ ಸೂಚನೆ. ಅದರಿಂದ ಶಕ್ತಿ ಸೋರಿಹೋಗುವುದೂ ಇಲ್ಲ, ಮೂಳೆ ಕರಗುವುದೂ ಇಲ್ಲ. ಒಡೆದ ಹಾಲಿನಂತೆ ಗಟ್ಟಿಯಾಗಿ ತುರಿಕೆಯೊಂದಿಗೆ ಬಂದರೆ ಶಿಲೀಂಧ್ರದ ಸೋಂಕಿರಬಹುದು, ಇದು ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮೀನಿನ ವಾಸನೆಯ ಬೂದು ಸ್ರಾವ, ನೊರೆ ಬೆರೆತ ಹಸಿರು-ಹಳದಿ ಸ್ರಾವ, ಜ್ವರ ಮತ್ತು ಕಿಬ್ಬೊಟ್ಟೆಯ ನೋವಿನೊಂದಿಗೆ ಬರುವ ಸ್ರಾವ ಇವಕ್ಕೆ ಪರೀಕ್ಷೆ ಬೇಕು. ಗಂಡಸರಲ್ಲಿ ಶಿಶ್ನದಿಂದ ಕೀವು ಬರುವುದು, ಮೂತ್ರದಲ್ಲಿ ಉರಿ, ಗುಳ್ಳೆ, ನೋವಿಲ್ಲದ ಹುಣ್ಣು, ತೊಡೆಸಂದಿನ ಗಡ್ಡೆ ಗಮನಿಸಬೇಕಾದವು. ನೋವಿಲ್ಲದ ಹುಣ್ಣು ಮೂರರಿಂದ ಆರು ವಾರಗಳಲ್ಲಿ ತಾನಾಗಿಯೇ ಮಾಯವಾದರೆ ನಿಟ್ಟುಸಿರು ಬಿಡಬೇಡಿ: ಸಿಫಿಲಿಸ್ ಹುಣ್ಣು ಹೀಗೆಯೇ ಮಾಯವಾಗಿ, ರೋಗ ರಕ್ತದಲ್ಲಿ ಉಳಿಯುತ್ತದೆ.

ಕ್ಲಮೀಡಿಯಾ, ಗೊನೋರಿಯಾಗಳಂಥ ಸೋಂಕುಗಳು ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರದೆ ಅಂಡನಾಳಗಳನ್ನು ಹಾಳುಮಾಡಬಲ್ಲವು. ಆದ್ದರಿಂದ ಹೊಸ ಸಂಗಾತಿಯೊಂದಿಗೆ ಸಂಬಂಧ ಆರಂಭವಾದಾಗ, ರಕ್ಷಣೆಯಿಲ್ಲದ ಸಂಭೋಗವಾದಾಗ, ಸಂಗಾತಿಗೆ ಸೋಂಕಿದೆಯೆಂದು ತಿಳಿದಾಗ ಲಕ್ಷಣಗಳಿಗಾಗಿ ಕಾಯದೆ ಹೋಗಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಹೆಸರಿನ ವಿಭಾಗವಿದ್ದು, ಲಕ್ಷಣಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣದ ಪೊಟ್ಟಣಗಳಲ್ಲಿ ಔಷಧವನ್ನು ಉಚಿತವಾಗಿ ಕೊಡುತ್ತಾರೆ. ಔಷಧವನ್ನು ಪೂರ್ತಿ ಮುಗಿಸುವುದು, ಸಂಗಾತಿಗೂ ಚಿಕಿತ್ಸೆ ಕೊಡಿಸುವುದು, ಇಬ್ಬರೂ ಗುಣವಾಗುವವರೆಗೆ ಸಂಭೋಗದಿಂದ ದೂರವಿರುವುದು ಮೂರೂ ಒಟ್ಟಿಗೆ ನಡೆಯಬೇಕು. ಹೆಂಡತಿಯೊಬ್ಬಳೇ ಮಾತ್ರೆ ನುಂಗಿ ಗಂಡ ತಪ್ಪಿಸಿಕೊಂಡರೆ ತಿಂಗಳೊಳಗೆ ಅದೇ ಸೋಂಕು ಮರಳುತ್ತದೆ. ನಮ್ಮಲ್ಲಿ ನಡೆಯುವುದು ಬಹುತೇಕ ಇದೇ.

ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಉಚಿತ. ಸಾಮಾನ್ಯ ಪರೀಕ್ಷೆಯಲ್ಲಿ ಸೋಂಕು ಕಾಣಿಸಲು ಮೂರು ತಿಂಗಳವರೆಗೆ ಹಿಡಿಯಬಹುದಾದ್ದರಿಂದ, ಮೊದಲ ಫಲಿತಾಂಶ ನೆಗೆಟಿವ್ ಬಂದರೂ ಆ ಅವಧಿ ಕಳೆದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಸೋಂಕು ತಗುಲಿರಬಹುದಾದ ಘಟನೆ ನಿನ್ನೆ ಮೊನ್ನೆ ನಡೆದಿದ್ದರೆ ಪರೀಕ್ಷೆಗಿಂತ ಮೊದಲು ತಡೆಗಟ್ಟುವ ಔಷಧ ಮುಖ್ಯ: ಅದನ್ನು 72 ಗಂಟೆಗಳ ಒಳಗೆ, ಸಾಧ್ಯವಾದರೆ ಮೊದಲ ಕೆಲವೇ ಗಂಟೆಗಳಲ್ಲಿ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಸೋಂಕು ದೃಢವಾದವರಿಗೆ ಸರ್ಕಾರದ ಎಚ್‌ಐವಿ ಚಿಕಿತ್ಸಾ ಘಟಕಗಳಾದ ಎಆರ್‌ಟಿ ಕೇಂದ್ರಗಳಲ್ಲಿ ಮಾತ್ರೆ ಉಚಿತವಾಗಿ ಸಿಗುತ್ತದೆ. ಅದನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಸಂಭೋಗದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವುದನ್ನೂ, ಫಲಿತಾಂಶವನ್ನು ಬಯಲು ಮಾಡುವುದನ್ನೂ, ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನೂ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ನಿಷೇಧಿಸುತ್ತದೆ.

ಹಂತ 5: ಗರ್ಭನಿರೋಧಕವನ್ನು ಇಬ್ಬರೂ ಕೂತು ಆರಿಸಿ

1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶಿಸಿತ್ತು ಎಂಬುದು ಹೆಮ್ಮೆಯ ಸಂಗತಿ. ಆದರೆ ಇಷ್ಟು ವರ್ಷಗಳ ನಂತರವೂ ನಮ್ಮಲ್ಲಿ ‘ಆಪರೇಶನ್ ಆಯಿತಾ’ ಎಂದರೆ ಹೆಂಗಸಿನ ಸಂತಾನಹರಣ ಶಸ್ತ್ರಚಿಕಿತ್ಸೆ ಎಂದೇ ಅರ್ಥ. ಕುಟುಂಬ ಯೋಜನೆಯ ಹೊರೆಯನ್ನು ಹೆಣ್ಣಿನ ಹೊಟ್ಟೆಯ ಮೇಲೆಯೇ ಹೊರಿಸುವ ಈ ಅಭ್ಯಾಸವನ್ನು ಮನೆಮನೆಯಲ್ಲಿ ಪ್ರಶ್ನಿಸಬೇಕಾಗಿದೆ.

ಗರ್ಭವನ್ನೂ ಸೋಂಕನ್ನೂ ಒಟ್ಟಿಗೆ ತಡೆಯುವ ಸಾಧನ ಕಾಂಡೋಮ್ ಒಂದೇ. ಸರ್ಕಾರದ ನಿರೋಧ್ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಬಳಿಯೂ ಇರುತ್ತದೆ. ಅವಧಿಯ ದಿನಾಂಕ ನೋಡಿ, ಹಲ್ಲಿನಿಂದ ಕಚ್ಚದೆ ಪೊಟ್ಟಣ ಬಿಡಿಸಿ, ತುದಿಯ ಗಾಳಿಯನ್ನು ಒತ್ತಿ ತೆಗೆದು ಹಾಕಿಕೊಳ್ಳಬೇಕು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ರಬ್ಬರು ಸಡಿಲಗೊಂಡು ಹರಿಯುತ್ತದೆ. ನೀರು ಆಧಾರಿತ ಜೆಲ್ ಮಾತ್ರ ಬಳಸಬೇಕು.

ನಿತ್ಯ ನುಂಗುವ ಮಾಲಾ-ಎನ್‌ನಂಥ ಮಾತ್ರೆಗಳು ಪರಿಣಾಮಕಾರಿ, ಮುಟ್ಟಿನ ನೋವನ್ನೂ ಕಡಿಮೆ ಮಾಡುತ್ತವೆ. ಆದರೆ ರಕ್ತದೊತ್ತಡ ಹೆಚ್ಚಿರುವವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್ ಇರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, 35 ದಾಟಿದ ಧೂಮಪಾನಿಗಳು, ಆರು ತಿಂಗಳೊಳಗಿನ ಮಗುವಿಗೆ ಎದೆಹಾಲು ಕೊಡುವವರು ಇವುಗಳನ್ನು ತೆಗೆದುಕೊಳ್ಳಬಾರದು. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಫಿಟ್ಸಿಗೆ ಕೆಲವು ಮಾತ್ರೆಗಳನ್ನು ನುಂಗುತ್ತಿರುವವರಲ್ಲಿ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ. ಈ ವಿಷಯವನ್ನು ವೈದ್ಯರಿಗೆ ಹೇಳಲು ಮರೆಯುವವರೇ ಹೆಚ್ಚು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ, ಹಾರ್ಮೋನ್ ಅಲ್ಲದ ‘ಛಾಯಾ’ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಆಮೇಲೆ ವಾರಕ್ಕೆ ಒಮ್ಮೆ ತೆಗೆದುಕೊಂಡರೆ ಸಾಕು, ಮತ್ತು ಹಾಲುಣಿಸುವ ತಾಯಂದಿರೂ ಬಳಸಬಹುದು. ‘ಅಂತರಾ’ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ; ಅದನ್ನು ಬಳಸುವಾಗ ಮುಟ್ಟು ಏರುಪೇರಾಗುವುದು ಅಥವಾ ನಿಲ್ಲುವುದು ಅಪಾಯವಲ್ಲ, ಆದರೆ ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು.

ವಂಕಿ ಎಂದು ಜನ ಕರೆಯುವ ಕಾಪರ್-ಟಿಯಲ್ಲಿ 380-ಎ ಮಾದರಿ ಹತ್ತು ವರ್ಷ, 375 ಮಾದರಿ ಐದು ವರ್ಷ ಕೆಲಸ ಮಾಡುತ್ತದೆ. ಹೆರಿಗೆಯಾದ 48 ಗಂಟೆಗಳ ಒಳಗೆ ಅಥವಾ ಆರು ವಾರಗಳ ನಂತರ ಹಾಕಿಸಿಕೊಳ್ಳಬಹುದು. ಅದು ಎದೆಗೆ ಏರುತ್ತದೆ ಎಂಬುದು ಬರೀ ಕಟ್ಟುಕಥೆ. ಹಾಕಿದ ಕಾರ್ಡಿನಲ್ಲಿ ತೆಗೆಸಬೇಕಾದ ವರ್ಷ ಬರೆದಿರುತ್ತದೆ, ಜೋಪಾನವಾಗಿಡಿ; ಹೆರಿಗೆಯ ಹೊತ್ತಿನ ಗಡಿಬಿಡಿಯಲ್ಲಿ ನಿಮ್ಮನ್ನು ಕೇಳದೆ ಹಾಕದಂತೆಯೂ ಮೊದಲೇ ಹೇಳಿಟ್ಟಿರಿ.

ಮಕ್ಕಳು ಸಾಕು ಎಂದು ನಿರ್ಧರಿಸಿದ ದಂಪತಿಗೆ ನನ್ನ ಮೊದಲ ಸಲಹೆ ಗಂಡಸಿನ ಹೊಲಿಗೆಯಿಲ್ಲದ ಸಂತಾನಹರಣ ಚಿಕಿತ್ಸೆ. ಇದು ಹೆಂಗಸಿನ ಶಸ್ತ್ರಚಿಕಿತ್ಸೆಗಿಂತ ಸರಳ, ಅಪಾಯವೂ ಕಡಿಮೆ. ವೃಷಣಗಳನ್ನು ಮುಟ್ಟುವುದಿಲ್ಲವಾದ್ದರಿಂದ ಗಂಡಸುತನಕ್ಕಾಗಲಿ, ಹೊಲದ ಕೆಲಸಕ್ಕಾಗಲಿ ಕುಂದಿಲ್ಲ. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣುಗಳಿಲ್ಲವೆಂದು ಖಚಿತವಾಗುವವರೆಗೆ ಮಾತ್ರ ಕಾಂಡೋಮ್ ಬಳಸಬೇಕು.

ಹಂತ 6: ಮುನ್ನೆಚ್ಚರಿಕೆ ತಪ್ಪಿದಾಗ

ಕಾಂಡೋಮ್ ಹರಿದರೆ ಲಿವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ತುರ್ತು ಮಾತ್ರೆಯನ್ನು 72 ಗಂಟೆಗಳ ಒಳಗೆ ನುಂಗಬೇಕು. ಗಂಟೆ ಕಳೆದಂತೆಲ್ಲ ಅದರ ಫಲ ಇಳಿಯುತ್ತದೆ. ಐದು ದಿನಗಳ ಒಳಗೆ ಕಾಪರ್-ಟಿ ಹಾಕಿಸಿಕೊಳ್ಳುವುದು ಅದಕ್ಕಿಂತ ಖಚಿತ ದಾರಿ. ತುರ್ತು ಮಾತ್ರೆ ಗರ್ಭಪಾತದ ಮಾತ್ರೆಯಲ್ಲ, ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ತಿಂಗಳು ತಿಂಗಳು ನುಂಗುವ ಮಾತ್ರೆಯೂ ಅಲ್ಲ. ಮುಂದಿನ ಮುಟ್ಟು ಒಂದು ವಾರ ತಡವಾದರೆ ಮನೆಯಲ್ಲೇ ಮೂತ್ರ ಪರೀಕ್ಷೆಯ ಕಿಟ್ ಬಳಸಿ ನೋಡಿ.

ಗರ್ಭ ನಿಂತಿದ್ದು, ಬೇಡವೆಂದಿದ್ದರೆ ಕಾನೂನು ನಿಮ್ಮ ಪರವಾಗಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳವರೆಗೆ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ಗರ್ಭದ ನಡುವೆ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು ಮುಂತಾದ ನಿಗದಿತ ವರ್ಗಗಳಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅವಿವಾಹಿತೆಯರಿಗೂ ಇದೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. 18 ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕೇಬೇಕು ಎಂದು ಯಾರಾದರೂ ಹೇಳಿದರೆ ಅದು ಕಾನೂನಿನ ಮಾತಲ್ಲ. ಹೆಸರನ್ನು ಗುಟ್ಟಾಗಿಡುವುದೂ ವೈದ್ಯರ ಕರ್ತವ್ಯ.

ಮಾತ್ರೆಯಿಂದ ಮಾಡುವ ಗರ್ಭಪಾತ ಒಂಬತ್ತು ವಾರಗಳವರೆಗೆ ಸಲ್ಲುತ್ತದೆ. ಅದನ್ನು ವೈದ್ಯರ ಕೈಯಿಂದಲೇ ಪಡೆಯಿರಿ, ಕಪ್ಪು ಕವರಿನಲ್ಲಿ ಸುತ್ತಿಕೊಡುವ ಔಷಧಿ ಅಂಗಡಿಯಿಂದಲ್ಲ. ಗರ್ಭ ಅಂಡನಾಳದಲ್ಲಿ ನಿಂತಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲ ಮತ್ತು ನಾಳ ಒಡೆದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಮೊದಲು ಪರೀಕ್ಷೆಯಾಗಬೇಕು. ಮಾತ್ರೆ ನುಂಗಿದ ಮೇಲೆ ಸತತ ಎರಡು ಗಂಟೆ, ಗಂಟೆಗೆ ಎರಡು ಪ್ಯಾಡಿನಂತೆ ತೋಯ್ದರೆ, ತೀವ್ರ ಜ್ವರ ಬಂದರೆ, ತಲೆಸುತ್ತಿ ಬಿದ್ದರೆ 108ಕ್ಕೆ ಕರೆ ಮಾಡಿ. ಭ್ರೂಣದ ಲಿಂಗ ತಿಳಿಯುವುದಂತೂ 1994ರ ಕಾಯಿದೆಯ ಪ್ರಕಾರ ಅಪರಾಧ.

ಬಲವಂತದ ಸಂಭೋಗ ನಡೆದಿದ್ದರೆ, ಪೊಲೀಸ್ ದೂರು ಕೊಟ್ಟಿರಲಿ ಬಿಡಲಿ, ಸರ್ಕಾರಿ ಅಥವಾ ಖಾಸಗಿ ಯಾವುದೇ ಆಸ್ಪತ್ರೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ತುರ್ತು ಮಾತ್ರೆ ಮತ್ತು ಎಚ್‌ಐವಿ ತಡೆಯುವ ಔಷಧ ಎರಡನ್ನೂ ಕೇಳಿ ಪಡೆಯಿರಿ. ನೆರವಿಗೆ 181, ಮಕ್ಕಳಾದರೆ 1098.

ಹಂತ 7: ಮಗು ಬೇಕೆಂದಾಗ

ಗರ್ಭ ಧರಿಸುವ ಯೋಚನೆ ಬಂದ ದಿನದಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಿ, ಗರ್ಭದ ಹನ್ನೆರಡು ವಾರಗಳವರೆಗೆ ಮುಂದುವರಿಸಬೇಕು. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಗರ್ಭಿಣಿಯೆಂದು ಗೊತ್ತಾಗುವ ಹೊತ್ತಿನಲ್ಲೇ ಆದ್ದರಿಂದ ಆಮೇಲೆ ಆರಂಭಿಸಿದರೆ ತಡ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ರಕ್ತದ ಗುಂಪು ಪರೀಕ್ಷಿಸಿಕೊಳ್ಳಿ. ಗರ್ಭ ನಿಂತ ಮೇಲೆ ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ಉಚಿತ ತಪಾಸಣೆ ಇರುತ್ತದೆ.

ಒಂದು ವರ್ಷ ಪ್ರಯತ್ನಿಸಿದರೂ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗಬೇಕು. ನಮ್ಮಲ್ಲಿ ಹೆಂಡತಿಗೆ ಹತ್ತು ಬಗೆಯ ಸ್ಕ್ಯಾನಿಂಗ್, ಹರಕೆ, ಪಥ್ಯಗಳೆಲ್ಲ ಮುಗಿದ ಮೇಲೆ ಗಂಡನ ಸರದಿ ಬರುತ್ತದೆ. ಕ್ರಮ ತಿರುಗಬೇಕು: ವೀರ್ಯ ಪರೀಕ್ಷೆ ಅಗ್ಗ, ನೋವಿಲ್ಲ, ಎರಡರಿಂದ ಏಳು ದಿನಗಳ ಸಂಯಮದ ನಂತರ ಒಂದು ಬೆಳಿಗ್ಗೆಯ ಕೆಲಸ. ಜಿಮ್ಮಿನಲ್ಲಿ ಮೈ ಕಟ್ಟಲು ಚುಚ್ಚಿಸಿಕೊಳ್ಳುವ ಟೆಸ್ಟೊಸ್ಟೆರೋನ್ ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸುತ್ತದೆ ಎಂಬುದು ಅನೇಕ ಯುವಕರಿಗೆ ಗೊತ್ತಿಲ್ಲ.

ಹಂತ 8: ಗಂಡಸರು ತಮ್ಮನ್ನು ತಾವು ನೋಡಿಕೊಳ್ಳುವುದು

ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ’ ಎಂಬ ಜಾಹೀರಾತುಗಳು ಬದುಕಿರುವುದು ಗಂಡಸರ ಭಯದ ಮೇಲೆ. ಸ್ವಪ್ನಸ್ಖಲನ, ಹಸ್ತಮೈಥುನಗಳಿಂದ ಧಾತು ನಷ್ಟವಾಗಿ ಮೈ ಸೊರಗುವುದಿಲ್ಲ. ವೀರ್ಯ ಸದಾ ಉತ್ಪತ್ತಿಯಾಗುತ್ತಲೇ ಇರುತ್ತದೆ. ಸೊರಗಿಸುವುದು ಆ ಚಿಂತೆ. ಆದರೆ ನಡುವಯಸ್ಸಿನಲ್ಲಿ ನಿಮಿರುವಿಕೆ ಕುಂದುವುದನ್ನು ನಿರ್ಲಕ್ಷಿಸಬೇಡಿ, ಅದು ಸಕ್ಕರೆ ಕಾಯಿಲೆಯ ಅಥವಾ ಹೃದಯದ ರಕ್ತನಾಳಗಳ ತೊಂದರೆಯ ಮುನ್ಸೂಚನೆಯಾಗಿರಬಹುದು. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ಮಾತ್ರೆ ತೆಗೆದುಕೊಳ್ಳುವವರು ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆಯನ್ನು ಮುಟ್ಟಲೇಬಾರದು. ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು.

ಹದಿಹರೆಯದ ಹುಡುಗನಿಗೆ ಒಂದು ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು, ವಾಂತಿ ಶುರುವಾದರೆ ಬೆಳಗಾಗುವವರೆಗೆ ಕಾಯಬೇಡಿ. ವೃಷಣ ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಸುಮಾರು ಆರು ಗಂಟೆಯಷ್ಟೇ ಸಮಯವಿರುತ್ತದೆ, ಹುಡುಗ ನಾಚಿಕೆಯಿಂದ ‘ಹೊಟ್ಟೆ ನೋವು’ ಎಂದೇ ಹೇಳುತ್ತಿರುತ್ತಾನೆ.

ಹಂತ 9: ಕ್ಯಾನ್ಸರ್ ತಪಾಸಣೆ, ಮತ್ತು ಗರ್ಭಕೋಶ ತೆಗೆಸುವ ಮಾತು

ಗರ್ಭಕೋಶದ ಕಂಠದ ಕ್ಯಾನ್ಸರಿಗೆ ಬಹುತೇಕ ಎಚ್‌ಪಿವಿ ವೈರಾಣು ಕಾರಣ. ಇದರ ಲಸಿಕೆಗೆ ತಕ್ಕ ವಯಸ್ಸು 9ರಿಂದ 14. ಭಾರತದಲ್ಲೇ ತಯಾರಾದ ಸರ್ವಾವ್ಯಾಕ್ ಕೂಡ ಲಭ್ಯವಿದೆ. ಲಸಿಕೆ ಪಡೆದವರೂ ಪಡೆಯದವರೂ 30 ದಾಟಿದ ಮೇಲೆ ತಪಾಸಣೆ ಮಾಡಿಸಬೇಕು. ಸರ್ಕಾರದ ಕಾರ್ಯಕ್ರಮದಲ್ಲಿ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಸರಳ ಪರೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡುತ್ತಾರೆ, ಕೆಲವೇ ನಿಮಿಷ ಸಾಕು. ಕ್ಯಾನ್ಸರ್ ಆಗುವ ಮುನ್ನಿನ ಬದಲಾವಣೆ ಕಂಡರೆ ಆ ಭಾಗವನ್ನಷ್ಟೇ ನಾಶಪಡಿಸುವ ಚಿಕಿತ್ಸೆಯಿದೆ, ಗರ್ಭಕೋಶ ತೆಗೆಯಬೇಕಾಗಿಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ‘ಬಿಳಿ ಸೆರಗು ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಗರ್ಭಚೀಲ ತೆಗೆಸಿಬಿಡಿ’ ಎಂದು ಹೆದರಿಸಿ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ನಡೆದಿವೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹಾಗೂ ದಲಿತ ಹೆಣ್ಣುಮಕ್ಕಳಲ್ಲಿ ಅನೇಕರು, ಅವರಲ್ಲಿ ನಲವತ್ತು ತುಂಬದವರೂ, ಹೀಗೆ ಗರ್ಭಕೋಶ ಕಳೆದುಕೊಂಡ ಸಂಗತಿ ಸುಮಾರು ಒಂದು ದಶಕದ ಹಿಂದೆ ಬಯಲಿಗೆ ಬಂದು ಹೋರಾಟಗಳು ನಡೆದವು. ದೇಶದ ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಬಂದಿದ್ದವು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ನಿರ್ದೇಶಿಸಿತು.

ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳಿವೆ: ಕ್ಯಾನ್ಸರ್, ಬೇರೆ ಚಿಕಿತ್ಸೆಗೆ ಬಗ್ಗದ ರಕ್ತಸ್ರಾವ, ಬಹಳ ದೊಡ್ಡ ಗಡ್ಡೆಗಳು, ಪೂರ್ತಿ ಜಾರಿದ ಗರ್ಭಕೋಶ. ಬರೀ ಬಿಳಿ ಸೆರಗು, ಸೊಂಟನೋವು, ತೊಂದರೆ ಕೊಡದ ಸಣ್ಣ ಗಡ್ಡೆ ಅವುಗಳಲ್ಲಿಲ್ಲ. ಅಂಡಾಶಯಗಳನ್ನೂ ಜೊತೆಗೆ ತೆಗೆದರೆ ಮರುದಿನದಿಂದಲೇ ಮುಟ್ಟು ನಿಲ್ಲುವ ಕಾಲದ ಬೆವರು, ನಿದ್ರಾಹೀನತೆಗಳು ಶುರುವಾಗುತ್ತವೆ, ಮುಂದೆ ಮೂಳೆ ಸವೆಯುತ್ತದೆ. ಕಬ್ಬು ಕಡಿಯುವ, ಹತ್ತಿ ಬಿಡಿಸುವ ಮೈಗೆ ಅದು ಸಣ್ಣ ಪೆಟ್ಟಲ್ಲ. ಇನ್ನೊಂದೆಡೆ, ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ಅದನ್ನು ‘ಮತ್ತೆ ಮುಟ್ಟು ಬಂತು’ ಎಂದು ನಗೆಯಾಡದೆ ಆ ವಾರವೇ ಪರೀಕ್ಷಿಸಿಕೊಳ್ಳಬೇಕು.

ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿದಾಗ ವೈದ್ಯರನ್ನು ಹೀಗೆ ಕೇಳಿ: ನನಗಿರುವ ರೋಗದ ಹೆಸರೇನು, ಅದನ್ನು ಯಾವ ಪರೀಕ್ಷೆಯಿಂದ ತಿಳಿದಿರಿ, ಮಾತ್ರೆಯಾಗಲಿ, ಹಾರ್ಮೋನ್ ಇರುವ ವಂಕಿಯಾಗಲಿ ಮೊದಲು ಏಕೆ ಪ್ರಯತ್ನಿಸಬಾರದು, ಮೂರು ತಿಂಗಳು ಕಾದರೆ ಏನಾಗುತ್ತದೆ, ಅಂಡಾಶಯಗಳನ್ನು ಉಳಿಸುವಿರಾ. ರಕ್ತಸ್ರಾವ ತೀವ್ರವಾಗಿಲ್ಲದಿದ್ದರೆ ಅಂದೇ ದಾಖಲಾಗುವ ಅವಸರವಿಲ್ಲ. ಸ್ಕ್ಯಾನಿಂಗ್ ವರದಿಯನ್ನು ಕೈಯಲ್ಲಿ ಹಿಡಿದು ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇಲ್ಲದಿದ್ದರೆ ಅದರಲ್ಲಿ ಏನಿದೆಯೆಂದು ಓದಿಸಿ ಕೇಳಿಕೊಂಡ ಮೇಲೆಯೇ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ. ಶಸ್ತ್ರಚಿಕಿತ್ಸೆ ಆಗಿಯೇ ಆದರೆ, ತೆಗೆದ ಗರ್ಭಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವರದಿಯನ್ನು ಬಿಡುಗಡೆ ಪತ್ರದ ಜೊತೆಗೆ ಕೇಳಿ ಪಡೆದು, ಮನೆಯ ಪತ್ರ ಪಹಣಿಗಳಿರುವ ಪೆಟ್ಟಿಗೆಯಲ್ಲೇ ಇಡಿ.